ಯಜಮಾನರೇ, ನೀರು ಕುಡಿಯುವುದು ಬಿಟ್ಟರೆ ಕಾಲ್ಮಡಿ ತ್ರಾಸು ಹೋಗದು!

ಐವತ್ತು ದಾಟಿದ ಗಂಡಸರ ಗುಟ್ಟಿನ ಕಾಟ: ತಾಟಿನಲ್ಲಿ ಎಷ್ಟು ಮದ್ದಿದೆ, ದವಾಖಾನೆಯಲ್ಲಿ ಎಷ್ಟು?

ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾವ ಊರಿನ ಕಟ್ಟೆಗೆ ಹೋಗಿ ಕುಂತರೂ ನಮ್ಮ ಹಿರಿಯರಿಗೆ ಮಾತಿಗೇನೂ ಬರವಿಲ್ಲ. ಕಬ್ಬಿನ ಬಿಲ್ಲು ಬಂತೋ ಇಲ್ಲವೋ, ಕೃಷ್ಣೆಗೆ ನೀರು ಎಷ್ಟು ಬಂತು, ತಂಬಾಕಿಗೆ ದರ ಏನಾಯಿತು, ಮೊಣಕಾಲಿಗೆ ಯಾವ ಎಣ್ಣೆ ಚಲೋ, ಎಲ್ಲವೂ ಬರುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ. ಎಂದು ಹೇಳಿಕೊಳ್ಳಲಿಕ್ಕೆ ಈಗ ಯಾರಿಗೂ ಸಂಕೋಚವಿಲ್ಲ. ಆದರೆ ಒಂದು ಮಾತು ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ಅದು ರಾತ್ರಿಯ ಮಾತು. ಮಲಗಿದ ಮೇಲೆ ಮೂರು ಸಲ, ನಾಲ್ಕು ಸಲ ಎದ್ದು ಹಿತ್ತಲಿಗೆ ಹೋಗುವುದು, ಹೋಗಿ ನಿಂತರೆ ಧಾರೆ ಬಾರದಿರುವುದು, ಬಂದರೂ ಹನಿಹನಿಯಾಗಿ ಬರುವುದು, ಮುಗಿಯಿತೆಂದು ಬಂದು ಮಲಗಿದರೆ ಮತ್ತೆ ಹೋಗಬೇಕೆನಿಸುವುದು!

ಕೇಳಿದರೆ ಒಂದೇ ಉತ್ತರ: "ವಯಸ್ಸಾತಲ್ರಿ, ಇರೂದs ಹಂಗ." ಹಾಗೆಂದು ಸುಮ್ಮನಿರುವವರು ಎರಡು ಕೆಲಸ ಮಾಡುತ್ತಾರೆ. ಒಂದು, ನೀರು ಕುಡಿಯುವುದನ್ನೇ ಬಿಡುತ್ತಾರೆ. ಮದುವೆಗೆ, ಜಾತ್ರೆಗೆ, ಕೋರ್ಟಿನ ತಾರೀಖಿಗೆ ಬಸ್ಸು ಹತ್ತುವ ದಿನವಂತೂ ಮುಂಜಾನೆಯಿಂದ ಒಂದು ಗುಟುಕೂ ಇಲ್ಲ. ಎರಡು, ಯಾರೋ ಹೇಳಿದರೆಂದು ಪುಡಿಯನ್ನೋ ಬಾಟಲಿಯನ್ನೋ ತಂದು ಗುಟ್ಟಾಗಿ ನುಂಗುತ್ತಾರೆ. ಎರಡರಿಂದಲೂ ರೋಗ ಹೋಗುವುದಿಲ್ಲ. ಅಷ್ಟರಲ್ಲಿ ಒಂದು ದಿನ ಅಪರಾತ್ರಿಯಲ್ಲಿ ಉಚ್ಚೆ ಪೂರ್ತಿ ಕಟ್ಟಿ, ಹೊಟ್ಟೆ ಉಬ್ಬಿ, ಗಾಡಿ ಮಾಡಿಕೊಂಡು ಮಿರಜಿಗೋ ಬೆಳಗಾವಿಗೋ ಓಡುವ ಪ್ರಸಂಗ ಬಂದಿರುತ್ತದೆ.

ಇಷ್ಟೆಲ್ಲ ಯಾತಕ್ಕೆ? ಮೊದಲೇ ನಾಲ್ಕು ಮಾತು ತಿಳಿದಿದ್ದರೆ ಬಹಳ ಮಂದಿಗೆ ಈ ಓಟ ತಪ್ಪುತ್ತದೆ.

ಏನಿದು ಪ್ರೋಸ್ಟೇಟ್?

ಗಂಡಸರ ಮೂತ್ರಚೀಲದ ಕೆಳಗೆ ಅಕ್ರೋಡ ಕಾಯಿಯಷ್ಟು ಗಾತ್ರದ ಒಂದು ಗ್ರಂಥಿ ಇದೆ. ಅದೇ ಪ್ರೋಸ್ಟೇಟ್. ಪ್ರಾಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. ವೀರ್ಯದ ದ್ರವದ ಒಂದು ಭಾಗ ತಯಾರಾಗುವುದು ಇದರಲ್ಲಿ. ಮೂತ್ರ ಹೊರಗೆ ಬರುವ ನಾಳ ಈ ಗ್ರಂಥಿಯ ನಟ್ಟನಡುವೆಯೇ ಹಾದು ಬರುತ್ತದೆ. ತೊಂದರೆಯ ಮೂಲ ಇದೇ ನೋಡಿರಿ. ವಯಸ್ಸು ಏರಿದಂತೆ ಗ್ರಂಥಿ ದಪ್ಪವಾಗುತ್ತದೆ. ನಡುವಿನ ಹಾದಿ ಇರುಕಾಗುತ್ತದೆ. ಹೊಲಕ್ಕೆ ನೀರು ಬಿಡುವ ಪೈಪನ್ನು ಕಾಲಲ್ಲಿ ಮೆಟ್ಟಿದರೆ ಏನಾಗುತ್ತದೋ ಅದೇ. ಆ ಕಡೆ ಮೋಟಾರು ಜಗ್ಗುತ್ತದೆ, ಈ ಕಡೆ ಧಾರೆ ಸಣ್ಣಗೆ. ವರ್ಷಗಟ್ಟಲೆ ಹೀಗೆಯೇ ಜಗ್ಗಿ ಜಗ್ಗಿ ಮೂತ್ರಚೀಲ ಸೋಲುತ್ತದೆ. ಒಳಗೆ ಮೂತ್ರ ಉಳಿಯುತ್ತದೆ. ಉಳಿದ ಮೂತ್ರದಲ್ಲಿ ಸೋಂಕು, ಹರಳು. ಒತ್ತಡ ಮೇಲಕ್ಕೆ ಹೋದರೆ ಕಿಡ್ನಿಗೇ ಪೆಟ್ಟು.

ಇದು ಅಪರೂಪದ ರೋಗವಲ್ಲ. 50ರಿಂದ 60ರ ವಯಸ್ಸಿನ ಗಂಡಸರಲ್ಲಿ ಸುಮಾರು ಅರ್ಧ ಜನರಿಗೆ ಈ ಬೆಳವಣಿಗೆ ಇರುತ್ತದೆ. 80 ದಾಟಿದವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಇರುತ್ತದೆ. ಇದ್ದವರಿಗೆಲ್ಲ ತ್ರಾಸು ಆಗುತ್ತದೆಂದಲ್ಲ. ಇನ್ನೊಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿರಿ: ವಯಸ್ಸಿನ ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಪ್ರೋಸ್ಟೇಟಿನ ಕ್ಯಾನ್ಸರ್ ಬೇರೆಯೇ ರೋಗ. ಆದರೆ ಒಬ್ಬರಿಗೇ ಎರಡೂ ಇರಬಹುದು. ಯಾವುದು ಎಂದು ನೋಡಿ ಹೇಳಬೇಕಾದವರು ಡಾಕ್ಟರರು, ಕಟ್ಟೆಯ ಮೇಲಿನವರಲ್ಲ.

ರಾತ್ರಿ ಏಳುವುದಕ್ಕೆಲ್ಲ ಪ್ರೋಸ್ಟೇಟ್ ಒಂದೇ ಕಾರಣ ಎಂದೂ ತಿಳಿಯಬಾರದು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಹೀಗಾಗುತ್ತದೆ. ಹೃದಯದ ದುರ್ಬಲತೆಯಿಂದ ಆಗುತ್ತದೆ. ಕಾಲು ಬಾವು ಬರುವವರಿಗೆ, ಹಗಲು ಕಾಲಲ್ಲಿ ನಿಂತ ನೀರು ರಾತ್ರಿ ಮಲಗಿದಾಗ ರಕ್ತಕ್ಕೆ ಸೇರಿ ಉಚ್ಚೆಯಾಗುತ್ತದೆ. ಹೀಗಾಗಿ ಒಂದು ಪುಡಿ ಎಲ್ಲರಿಗೂ ಮದ್ದಾಗುವುದಾದರೂ ಹೇಗೆ?

ಲಂಡನ್ನಿನ 140 ಜನರಿಂದ ಕಲಿಯಬಹುದಾದ ಪಾಠ

ಗುಳಿಗೆ, ಆಪರೇಷನ್ನಿಗಿಂತ ಮೊದಲು ಮನೆಯಲ್ಲೇ ಮಾಡಬಹುದಾದದ್ದು ಏನಾದರೂ ಇದೆಯೇ? ಇದೆ. 2007ರಲ್ಲಿ ಲಂಡನ್ನಿನ ವೈದ್ಯರು ಇಂಥ ತ್ರಾಸಿನ 140 ಗಂಡಸರ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಅರ್ಧ ಜನರಿಗೆ ಎಂದಿನ ಉಪಚಾರ. ಉಳಿದವರಿಗೆ ಅದರ ಜೊತೆಗೆ ಯಾವಾಗ ಎಷ್ಟು ನೀರು ಕುಡಿಯಬೇಕು, ಚಹಾ ಕಾಫಿ ಹೇಗೆ ಕಡಿಮೆ ಮಾಡಬೇಕು, ಅವಸರ ಬಂದಾಗ ಹೇಗೆ ತಡೆಯಬೇಕು ಎಂಬ ಪಾಠ. ಮೂರು ತಿಂಗಳಿಗೆ ನೋಡಿದರೆ ಎಂದಿನ ಉಪಚಾರದವರಲ್ಲಿ ನೂರಕ್ಕೆ 42 ಜನರ ಸ್ಥಿತಿ ಕೆಟ್ಟಿತ್ತು ಅಥವಾ ಅವರಿಗೆ ಔಷಧದ ಗರಜು ಬಿದ್ದಿತ್ತು. ಪಾಠ ಕೇಳಿದವರಲ್ಲಿ ಹಾಗಾದದ್ದು ನೂರಕ್ಕೆ 10 ಜನರಿಗೆ ಮಾತ್ರ. ಖರ್ಚಿಲ್ಲದ ಮದ್ದು!

ಆ ಪಾಠವನ್ನು ನಮ್ಮ ಕಡೆಯ ದಿನಚರಿಗೆ ಹೊಂದಿಸಿದರೆ ಹೀಗಾಗುತ್ತದೆ:

ನೀರು ಬಿಡುವುದಲ್ಲ, ನೀರಿನ ಹೊತ್ತು ಬದಲಿಸುವುದು. ದಿನದ ನೀರಿನ ಬಹುಪಾಲನ್ನು ಮುಂಜಾನೆಯಿಂದ ಸಂಜೆಯೊಳಗೆ ಕುಡಿಯಿರಿ. ಮಲಗುವ ಎರಡು ತಾಸು ಮೊದಲು ನಿಲ್ಲಿಸಿರಿ. ಬಿಸಿಲಲ್ಲಿ ಕಬ್ಬು ಕಡಿಯುವವರು, ತಂಬಾಕಿನ ಹೊಲದಲ್ಲಿ ದುಡಿಯುವವರು ನೀರು ಬಿಟ್ಟರೆ ಉಚ್ಚೆ ಗಟ್ಟಿಯಾಗಿ, ಉರಿ ಎದ್ದು, ಹರಳಿಗೆ ದಾರಿ. ಉಚ್ಚೆಯ ಬಣ್ಣ ತಿಳಿಹಳದಿ ಇದ್ದರೆ ನೀರು ಸಾಕಾಗಿದೆ ಎಂದರ್ಥ. ಹೃದಯ, ಕಿಡ್ನಿಯ ಬೇನೆ ಇದ್ದವರು ಮಾತ್ರ ನೀರಿನ ಪ್ರಮಾಣವನ್ನು ಡಾಕ್ಟರರಿಂದಲೇ ಕೇಳಬೇಕು.

ಸಂಜೆಯ ಚಹಾಕ್ಕೆ ಮಿತಿ. ಮುಂಜಾನೆ ಎರಡು ಕಪ್ಪು ಚಹಾ ಕುಡಿಯಿರಿ, ಯಾರು ಬೇಡ ಅಂದಾರು? ಆದರೆ ದೀಪ ಹಚ್ಚಿದ ಮೇಲೆ ಬಂದ ಪಾವಣ್ಯಾಗೆಲ್ಲ ಜೊತೆ ಕೊಟ್ಟು ಮತ್ತೆ ಮೂರು ಕಪ್ಪು ಕುಡಿದರೆ ರಾತ್ರಿ ಏಳುವವರು ನೀವೇ. ಚಹಾ, ಕಾಫಿ ಮೂತ್ರಚೀಲವನ್ನು ಕೆರಳಿಸುತ್ತವೆ. ದಾರೂ ಅಂತೂ ಸರಿಯೇ ಸರಿ.

ಎರಡು ಸಲ ಹೋಗುವ ರೂಢಿ. ಒಮ್ಮೆ ಮಾಡಿ, ಅವಸರ ಮಾಡದೆ ಅರ್ಧ ನಿಮಿಷ ತಡೆದು, ಮತ್ತೊಮ್ಮೆ ಪ್ರಯತ್ನಿಸಿರಿ. ಒಳಗೆ ಉಳಿಯುವುದು ಕಡಿಮೆಯಾಗುತ್ತದೆ. ನಿಂತು ಆಗದಿದ್ದರೆ ಕುಂತು ಮಾಡಿರಿ, ಅದರಲ್ಲಿ ಅವಮಾನವೇನೂ ಇಲ್ಲ. ಮುಗಿದ ಮೇಲೆ ಧೋತರ ತೊಯ್ಯುವಂತೆ ಹನಿ ಸೋರುವವರು ವೃಷಣದ ಹಿಂಭಾಗದಿಂದ ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ಒತ್ತಿದರೆ ನಾಳದಲ್ಲಿ ಉಳಿದದ್ದು ಹೊರಗೆ ಬರುತ್ತದೆ.

ಅವಸರಕ್ಕೆ ತಾಲೀಮು. ಹತ್ತು ನಿಮಿಷಕ್ಕೊಮ್ಮೆ ಓಡುವವರು ಅವಸರ ಬಂದಾಗ ಮೊದಲ ದಿನ ಎರಡು ನಿಮಿಷ, ಮುಂದೆ ಐದು ನಿಮಿಷ ಎಂದು ತಡೆದು ರೂಢಿ ಮಾಡಿಕೊಳ್ಳಬಹುದು. ಆದರೆ ತಾಸುಗಟ್ಟಲೆ ಬಿಗಿಹಿಡಿದು ಕೂಡುವುದು ಬೇರೆ, ಅದು ಕೆಡಕು.

ಕಾಲು ಬಾವು ಇದ್ದವರು ಮಧ್ಯಾಹ್ನ ಒಂದು ತಾಸು ಕಾಲನ್ನು ದಿಂಬಿನ ಮೇಲೆ ಎತ್ತಿ ಇಟ್ಟುಕೊಂಡು ಮಲಗಿರಿ. ಬಿ.ಪಿ.ಗೆ ಉಚ್ಚೆ ಹೆಚ್ಚಿಸುವ ಗುಳಿಗೆ ತಿನ್ನುವವರು ಅದನ್ನು ಯಾವ ಹೊತ್ತಿಗೆ ತಿನ್ನಬೇಕೆಂದು ಡಾಕ್ಟರರನ್ನು ಕೇಳಿರಿ.

ಇನ್ನು ಹಿತ್ತಲ ಹಾದಿಗೆ ಒಂದು ದೀಪ ಇರಲಿ. ಕತ್ತಲಲ್ಲಿ ಎಡವಿ ಬಿದ್ದು ಟೊಂಕ ಮುರಿದುಕೊಂಡರೆ ಸಣ್ಣ ತ್ರಾಸಿಗೆ ದೊಡ್ಡ ತ್ರಾಸು ಸೇರಿದಂತೆ.

ತಾಟಿನಲ್ಲಿ ಏನಿರಬೇಕು?

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ನಾವು ಅರ್ಧ ಹಿಡಿದಿದ್ದೇವೆ. ಊಟದ ಮಾತನ್ನು ಎಲ್ಲರೂ ಕೇಳುತ್ತಾರೆ: "ಏನ ತಿಂದರ ಗ್ರಂಥಿ ಸಣ್ಣ ಆಗತೈತ್ರಿ?" ನೇರ ಉತ್ತರ: ಬೆಳೆದ ಗ್ರಂಥಿಯನ್ನು ಸಣ್ಣದು ಮಾಡುವ ಕಾಯಿಪಲ್ಯ ಯಾವುದೂ ಇಲ್ಲ. ಆದರೆ ತಾಟು ನೆಟ್ಟಗಿದ್ದರೆ ತ್ರಾಸು ಕಡಿಮೆಯಾಗಲಿಕ್ಕೆ ಅನುಕೂಲ ಎಂಬುದಕ್ಕೆ ಆಧಾರವಿದೆ.

ಅಮೆರಿಕದಲ್ಲಿ 4,770 ಗಂಡಸರನ್ನು ಏಳು ವರ್ಷ ಗಮನಿಸಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ದಿನಾ ಹೆಚ್ಚು ಕಾಯಿಪಲ್ಯ ತಿನ್ನುವವರಲ್ಲಿ ಈ ಕಾಟ ಕಡಿಮೆ, ದಿನಾ ಕೆಂಪು ಮಾಂಸ ಮತ್ತು ಹೆಚ್ಚು ಕೊಬ್ಬು ತಿನ್ನುವವರಲ್ಲಿ ಹೆಚ್ಚು ಎಂದು ಅದರಲ್ಲಿ ಕಂಡಿತು. ಊಟವೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಇದೇ ಊಟ ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಹಿತವಾದ್ದರಿಂದ ನಷ್ಟವಂತೂ ಇಲ್ಲ.

ಹಾಗಾದರೆ ಹೊಸದೇನು ತರಬೇಕು? ಏನೂ ಬೇಡ. ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಪುಂಡಿಪಲ್ಯ, ರೊಟ್ಟಿ ಸಂಗಡ ಹಸಿ ಮೆಂತ್ಯ, ಹಕ್ಕರಿಕಿ, ಮೂಲಂಗಿ, ಸವತಿಕಾಯಿ, ಟೊಮೆಟೊ, ಅಗಸಿ ಚಟ್ನಿ, ಒಂದು ಬಟ್ಟಲು ಮೊಸರು. ನಮ್ಮ ಅವ್ವಂದಿರು ಹೊಲಕ್ಕೆ ಬುತ್ತಿ ಕಟ್ಟುತ್ತಿದ್ದದ್ದೇ ಇದು! ಇದರಲ್ಲಿ ನಾರು ಹೆಚ್ಚು, ಮಲಬದ್ಧತೆ ಆಗುವುದಿಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ ಎನ್ನುವಿರಾ? ಮಲ ತುಂಬಿದ ಕರುಳು ಪಕ್ಕದಲ್ಲೇ ಇರುವ ಮೂತ್ರಚೀಲವನ್ನು ಒತ್ತುತ್ತದೆ, ಉಚ್ಚೆಯ ತ್ರಾಸು ಹೆಚ್ಚುತ್ತದೆ.

ಕೊಲ್ಲಾಪುರದ ಗಾಳಿ ಹತ್ತಿದ ನಮ್ಮ ಭಾಗದಲ್ಲಿ ತಾಂಬಡಾ ರಸ್ಸಾ ಬಿಡಿರಿ ಎಂದರೆ ನಿಪ್ಪಾಣಿಯವರು ಈ ಪೇಪರನ್ನೇ ಬಿಟ್ಟಾರು! ಪೂರ್ತಿ ಬಿಡುವುದು ಬೇಡ. ಮಟನ್ ಕೂಡ ಕೆಂಪು ಮಾಂಸವೇ ಎಂಬ ನೆನಪಿರಲಿ. ವಾರದಲ್ಲಿ ನಾಲ್ಕು ದಿನ ಉಣ್ಣುವವರು ಒಂದು ದಿನಕ್ಕೆ ಇಳಿಸಿರಿ. ಮೇಲಿನ ಎಣ್ಣೆಯ ತರಿ ತೆಗೆಯಿರಿ.

ಎಲ್ಲಕ್ಕಿಂತ ಹೆಚ್ಚಾಗಿ ಉಪ್ಪಿನ ಮೇಲೆ ನಿಗಾ ಬೇಕು. ಜಪಾನಿನ ನಾಗಾಸಾಕಿಯ ವೈದ್ಯರು 2017ರಲ್ಲಿ ಒಂದು ವಿಷಯ ತಿಳಿಸಿದರು. ಉಪ್ಪು ಹೆಚ್ಚು ತಿನ್ನುವ, ರಾತ್ರಿ ಏಳುವ ಜನರಿಗೆ ಉಪ್ಪು ಇಳಿಸಲು ಹೇಳಲಾಯಿತು. ದಿನಕ್ಕೆ 10.7 ಗ್ರಾಂ ತಿನ್ನುತ್ತಿದ್ದವರು 8 ಗ್ರಾಮಿಗೆ ಇಳಿಸಿದಾಗ ರಾತ್ರಿ ಏಳುವುದು ಸರಾಸರಿ 2.3 ಸಲದಿಂದ 1.4 ಸಲಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚೆ. ನಮ್ಮ ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ, ಸಂಜೆಯ ಭಡಂಗ, ಫರಸಾಣ ಎಲ್ಲ ಲೆಕ್ಕ ಹಾಕಿರಿ, ಎಲ್ಲಿಗೆ ಮುಟ್ಟುತ್ತದೆ? ರಾತ್ರಿಯ ಊಟದಲ್ಲಿ ಉಪ್ಪಿನಕಾಯಿಯನ್ನು ಬದಿಗೆ ಸರಿಸಿ ಎರಡು ವಾರ ನೋಡಿರಿ, ಮಾತು ನಿಮಗೇ ತಿಳಿಯುತ್ತದೆ.

ನಡಿಗೆ ಮತ್ತು ಹೊಗೆ

ಹಿಂದೆ ಹೊಲಕ್ಕೆ ನಡೆದು ಹೋಗುತ್ತಿದ್ದವರು ಈಗ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಾರೆ. ಹೊಟ್ಟೆ ಮುಂದೆ ಬಂದಿದೆ. ಬೊಜ್ಜು ಇದ್ದವರಲ್ಲಿ ಈ ತ್ರಾಸು ಹೆಚ್ಚು, ಮೈ ಆಡಿಸುವವರಲ್ಲಿ ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡ ಮಾತು. ದಿನಕ್ಕೆ ಅರ್ಧ ತಾಸು ಬಿರುಸಾಗಿ ನಡೆಯಿರಿ. ವಾರಕ್ಕೆ ಐದು ದಿನ ಸಾಕು.

1981ರ ತಂಬಾಕು ರೈತರ ಚಳವಳಿಯಿಂದ ದೇಶಕ್ಕೆಲ್ಲ ಹೆಸರಾದ ನಿಪ್ಪಾಣಿಯ ಮಂದಿಗೆ ತಂಬಾಕು ಅನ್ನ ಕೊಟ್ಟ ಬೆಳೆ. ಬೆಳೆದವರ, ಬೀಡಿ ಕಟ್ಟಿದವರ ಬೆವರಿಗೆ ಬೆಲೆ ಇದೆ. ಆದರೆ ಸೇದುವವರಿಗೆ ಒಂದು ಮಾತು ಹೇಳಲೇಬೇಕು. ಹೊಗೆಯ ವಿಷ ರಕ್ತದಿಂದ ಸೋಸಿ ಉಚ್ಚೆಗೆ ಬಂದು ಮೂತ್ರಚೀಲದಲ್ಲಿ ತಾಸುಗಟ್ಟಲೆ ನಿಲ್ಲುತ್ತದೆ. ಮೂತ್ರಚೀಲದ ಕ್ಯಾನ್ಸರಿಗೆ ಗೊತ್ತಿರುವ ಕಾರಣಗಳಲ್ಲಿ ಅತಿ ದೊಡ್ಡದು ಧೂಮಪಾನ. ಬೀಡಿ ಸೇದುವವರ ಉಚ್ಚೆಯಲ್ಲಿ ಒಂದೇ ಒಂದು ಸಲ ರಕ್ತ ಕಂಡರೂ, ನೋವಿಲ್ಲದಿದ್ದರೂ, "ಉಷ್ಣ ಆಗೇತಿ" ಎಂದು ಎಳನೀರು ಕುಡಿದು ಸುಮ್ಮನಿರಬಾರದು.

ಬಾಟಲಿಯ ಮೇಲಿನ ಬಣ್ಣದ ಮಾತು

ಈಗ ಮೊಬೈಲಿನಲ್ಲಿ ದಿನಕ್ಕೊಂದು ಪ್ರೋಸ್ಟೇಟಿನ ಮದ್ದಿನ ಜಾಹೀರಾತು. ಬಹಳಷ್ಟು ಬಾಟಲಿಗಳಲ್ಲಿ ಇರುವುದು ಸಾ ಪಾಲ್ಮೆಟೊ ಎಂಬ ಅಮೆರಿಕದ ಗಿಡ್ಡ ತಾಳೆ ಜಾತಿಯ ಹಣ್ಣಿನ ಸತ್ವ. 2006ರಲ್ಲಿ 225 ಜನರ ಮೇಲೆ, 2011ರಲ್ಲಿ 369 ಜನರ ಮೇಲೆ ಅಮೆರಿಕದಲ್ಲೇ ನಡೆದ ಎರಡು ಕಟ್ಟುನಿಟ್ಟಿನ ಪರೀಕ್ಷೆಗಳ ಫಲ ಬಂತು. ಎರಡನೆಯದರಲ್ಲಿ ಮೂರು ಪಟ್ಟು ಪ್ರಮಾಣದವರೆಗೂ ಕೊಟ್ಟು ನೋಡಿದರು. ಎರಡರಲ್ಲೂ ಅದು ಹುಸಿಗುಳಿಗೆಗಿಂತ ಹೆಚ್ಚಿನ ಗುಣ ತೋರಿಸಲಿಲ್ಲ.

ವಿಟಮಿನ್ನಿನ ಕಥೆ ಇನ್ನೂ ಕೆಟ್ಟದು. ಸೆಲೆನಿಯಂ ಮತ್ತು ವಿಟಮಿನ್ ಇ ಗುಳಿಗೆಯಿಂದ ಪ್ರೋಸ್ಟೇಟ್ ಕ್ಯಾನ್ಸರ್ ತಪ್ಪುತ್ತದೆಯೇ ಎಂದು 2001ರಲ್ಲಿ 35 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ಪರೀಕ್ಷೆ ಆರಂಭವಾಯಿತು. ಉಪಯೋಗ ಕಾಣದೆ 2008ರಲ್ಲಿ ನಿಲ್ಲಿಸಿದರು. 2011ರಲ್ಲಿ ಲೆಕ್ಕ ತೆಗೆದಾಗ ವಿಟಮಿನ್ ಇ ಮಾತ್ರ ತಿಂದವರಲ್ಲಿ ಕ್ಯಾನ್ಸರ್ ನೂರಕ್ಕೆ 17ರಷ್ಟು ಹೆಚ್ಚಾಗಿಯೇ ಕಂಡಿತು! ಕುಂಬಳ ಬೀಜ, ಸೋಯಾ, ಟೊಮೆಟೊ ಇವನ್ನು ಆಹಾರವೆಂದು ತಿನ್ನಿರಿ, ಮದ್ದೆಂದು ನಂಬಿ ಕೂಡಬೇಡಿರಿ.

ಇನ್ನೊಂದು ಎಚ್ಚರಿಕೆ. ನೆಗಡಿಯಾಯಿತೆಂದು ಅಂಗಡಿಯಿಂದ ತಂದು ನುಂಗುವ ಕೆಲವು ಗುಳಿಗೆಗಳಿಂದ ಉಚ್ಚೆ ಪೂರ್ತಿ ಕಟ್ಟಿಬಿಡಬಹುದು. ಮೂಗು ಬಿಚ್ಚುವ ಮದ್ದು ಮೂತ್ರಚೀಲದ ಬಾಯಿಯನ್ನು ಬಿಗಿಯುತ್ತದೆ. ನಿದ್ದೆ ಬರಿಸುವ ಅಲರ್ಜಿ ಗುಳಿಗೆ ಮೂತ್ರಚೀಲದ ಶಕ್ತಿ ಕುಗ್ಗಿಸುತ್ತದೆ. ಪ್ರೋಸ್ಟೇಟ್ ತ್ರಾಸು ಇದ್ದವರು ಔಷಧ ಅಂಗಡಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಬೇಕು.

ಇವು ಕಂಡರೆ ತಡ ಮಾಡಬೇಡಿರಿ

ಉಚ್ಚೆ ಪೂರ್ತಿ ಕಟ್ಟಿ ಕಿಬ್ಬೊಟ್ಟೆ ಉಬ್ಬಿ ನೋಯುವುದು. ಇದಕ್ಕೆ ಅದೇ ಹೊತ್ತಿಗೆ ದವಾಖಾನೆ, ಬೆಳಗಾಗಲಿ ಎಂದು ಕಾಯಬಾರದು. ನೀರು ಕುಡಿಸಿದರೆ ತಳ್ಳಿಕೊಂಡು ಹೋಗುತ್ತದೆಂದು ಮತ್ತಷ್ಟು ಕುಡಿಸುವುದು ನೋವು ಹೆಚ್ಚಿಸುವ ಕೆಲಸ. ಅಲ್ಲಿ ಸಣ್ಣ ನಳಿಗೆ ಹಾಕಿದರೆ ನಿಮಿಷಗಳಲ್ಲಿ ಹಗುರು.

ಚಳಿಜ್ವರದ ಜೊತೆ ಉಚ್ಚೆ ಉರಿ. ಇದಕ್ಕೂ ಅದೇ ದಿನ ಹೋಗಬೇಕು.

ಉಚ್ಚೆಯಲ್ಲಿ ರಕ್ತ. ಗೊತ್ತಿಲ್ಲದಂತೆ ಹಾಸಿಗೆ ತೊಯ್ಯುವುದು. ಬೆನ್ನಿನ ಎಲುಬು ನೋವಿನ ಜೊತೆ ತೂಕ ಇಳಿಯುವುದು. ಇವು ಇದ್ದರೆ ಆ ವಾರದಲ್ಲೇ ತೋರಿಸಬೇಕು. ಬೆನ್ನುನೋವಿನ ಸಂಗಡ ಕಾಲಿನ ಶಕ್ತಿ ಹೋದರೆ ಮಾತ್ರ ಒಂದು ತಾಸೂ ಕಾಯುವಂತಿಲ್ಲ. ತಂದೆಗೋ ಅಣ್ಣತಮ್ಮಂದಿರಿಗೋ ಪ್ರೋಸ್ಟೇಟ್ ಕ್ಯಾನ್ಸರ್ ಆಗಿದ್ದರೆ ಅದನ್ನೂ ಡಾಕ್ಟರರಿಗೆ ಹೇಳಿರಿ.

ಹೋಗುವ ಮುಂಚೆ ಒಂದು ಕೆಲಸ ಮಾಡಿರಿ. ಕಬ್ಬಿನ ತೂಕದ ಚೀಟಿ ಜೋಪಾನ ಮಾಡುವ ನಾವು ಇದಕ್ಕೂ ಒಂದು ಲೆಕ್ಕ ಇಡೋಣ. ಮೂರು ದಿನ, ಎಷ್ಟು ಹೊತ್ತಿಗೆ ಏನು ಕುಡಿದಿರಿ, ಎಷ್ಟು ಹೊತ್ತಿಗೆ ಹೋದಿರಿ, ಅಳತೆಯ ಡಬ್ಬಿಯಲ್ಲಿ ಎಷ್ಟು ಆಯಿತು ಎಂದು ಬರೆಯಿರಿ. ನಾಚಿಕೆಯಿಂದ ಬಾಯಿ ಬಾರದವರ ಪರವಾಗಿ ಆ ಚೀಟಿಯೇ ಮಾತಾಡುತ್ತದೆ.

ಡಾಕ್ಟರರು ಏನು ಮಾಡುತ್ತಾರೆಂಬ ಅಂಜಿಕೆಯೂ ಬೇಡ. ಏಳು ಪ್ರಶ್ನೆ ಕೇಳಿ 35 ಅಂಕದಲ್ಲಿ ಎಷ್ಟು ತ್ರಾಸು ಎಂದು ಅಳೆಯುವ ಪದ್ಧತಿ ಇದೆ. ಉಚ್ಚೆ, ಸಕ್ಕರೆ, ಕಿಡ್ನಿಯ ಪರೀಕ್ಷೆ, ಸ್ಕ್ಯಾನಿಂಗ್, ಬೆರಳಿನ ಪರೀಕ್ಷೆ. ಈ ಕೊನೆಯದಕ್ಕೇ ಎಲ್ಲರೂ ಓಡುವುದು! ಅದು ಅರ್ಧ ನಿಮಿಷದ ಕೆಲಸ. ಗರಜು ಇದ್ದರೆ ಪಿ.ಎಸ್.ಎ. ರಕ್ತಪರೀಕ್ಷೆ. ಅದು ಹೆಚ್ಚಿದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಸೋಂಕಿನಿಂದಲೂ ಗ್ರಂಥಿ ದಪ್ಪವಾದದ್ದರಿಂದಲೂ ಹೆಚ್ಚಬಹುದು. ಹಾದಿ ಸಡಿಲಿಸುವ ಗುಳಿಗೆ ಕೆಲವೇ ದಿನಗಳಲ್ಲಿ ಗುಣ ತೋರಿಸುತ್ತದೆ. ಗ್ರಂಥಿ ಕುಗ್ಗಿಸುವ ಗುಳಿಗೆಗೆ ಆರು ತಿಂಗಳಾದರೂ ತಾಳ್ಮೆ ಬೇಕು. ಆಪರೇಷನ್ ಬೇಕಾದರೂ ಈಗ ಹೊಟ್ಟೆ ಕೊಯ್ಯದೆ ಮೂತ್ರದ ಹಾದಿಯಿಂದಲೇ ದುರ್ಬೀನು ಹಾಕಿ ಮಾಡುತ್ತಾರೆ.

ಮೊದಲ ಪರೀಕ್ಷೆಗೆ ಹತ್ತಿರದ ಸರಕಾರಿ ದವಾಖಾನೆ ಸಾಕು. ಮುಂದಕ್ಕೆ ತಜ್ಞರು ಬೇಕೆಂದರೆ ಬೆಳಗಾವಿಯಲ್ಲಿ ಕೆ.ಎಲ್.ಇ. ಆಸ್ಪತ್ರೆ ಇದೆ. ಕಾಗವಾಡ, ಅಥಣಿಯ ಕಡೆಯವರಿಗೆ ಗಡಿಯಾಚೆಯ ಮಿರಜ ಸಮೀಪ. 1894ರಲ್ಲಿ ಡಾ. ವಾನ್ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ತೆರೆದಂದಿನಿಂದ ನಮ್ಮ ಮಂದಿ ಗಡಿ ನೋಡದೆ ಹೋಗಿ ಬಂದ ಊರು ಅದು.

ಊರಿನವರ ಪಾಲೂ ಇದೆ

ಇದು ಬರೀ ಮನೆಯ ಮಾತಲ್ಲ. ನಮ್ಮ ಹಿರಿಯರು ನೀರು ಬಿಡುವುದು ಹಟಕ್ಕಲ್ಲ, ಸಂತೆಗೆ ಹೋದರೆ ಹೋಗಲಿಕ್ಕೆ ಜಾಗ ಇರುವುದಿಲ್ಲವೆಂದು. ಸಂತೆಪೇಟೆ, ಬಸ್ ನಿಲ್ದಾಣ, ಕಚೇರಿ, ಜಾತ್ರೆಯ ಬಯಲು, ಎಲ್ಲೇ ಆಗಲಿ, ನೀರಿರುವ, ಬಾಗಿಲಿರುವ, ಮುದುಕರು ಜಾರದಂಥ ಮೂತ್ರಿಖಾನೆ ಬೇಕು. ಹೆಣ್ಣುಮಕ್ಕಳಿಗಂತೂ ಮೊದಲು ಬೇಕು. ನಿಪ್ಪಾಣಿ, ಕಾಗವಾಡ ಹೊಸ ತಾಲೂಕುಗಳಾದವು, ಹೊಸ ಕಚೇರಿಗಳು ಎದ್ದವು. ಕಟ್ಟಡದ ನಕಾಶೆಯಲ್ಲಿ ಇದಕ್ಕೂ ಒಂದು ಚೌಕ ಇರಲಿ ಎಂದು ಕೇಳುವುದು ದೊಡ್ಡ ಬೇಡಿಕೆಯೇ? ವಾರ್ಡಿನ ಸದಸ್ಯರು ಮುಂದಿನ ಸಭೆಯಲ್ಲಿ ಇದನ್ನು ಎತ್ತಲಿ.

ಕೊನೆಯದಾಗಿ ಮನೆಯವರಿಗೆ. ಅಪ್ಪ ರಾತ್ರಿ ಎಷ್ಟು ಸಲ ಎದ್ದರೆಂಬುದು ಪಕ್ಕದ ಕೋಣೆಯಲ್ಲಿ ಮಲಗಿದ ಮಗನಿಗೆ ಬಾಗಿಲ ಸಪ್ಪಳದಿಂದಲೇ ಗೊತ್ತಿರುತ್ತದೆ. ಅವ್ವನಿಗೆ ಅದಕ್ಕೂ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದೂ ಎಲ್ಲರೂ ಸುಮ್ಮನಿರುವುದೇ ನಮ್ಮ ಕಡೆಯ ರೂಢಿ. ಇಂದು ಈ ಪೇಪರನ್ನು ಯಜಮಾನರ ಕೈಗೆ ಕೊಡಿರಿ. ಓದಿ ಮುಗಿಸಿದ ಮೇಲೆ ಒಂದೇ ಮಾತು ಕೇಳಿರಿ: "ನಾಳೆ ದವಾಖಾನಿಗೆ ನಾನೂ ಬರ್ಲೇನು?"